ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡ

ಹರಿಹರದ ಮನೆಯಲ್ಲಿ ವಿಂಡೋಸ್ ಕಂಪ್ಯೂಟರು, ಬಸ್ಸಿನಲ್ಲಿ ಆಂಡ್ರಾಯ್ಡ್ ಫೋನು, ಬೆಂಗಳೂರಿನ ಮಗಳ ಮನೆಗೆ ಹೋದರೆ ಮ್ಯಾಕ್. ಪುಟವಿನ್ಯಾಸಕ್ಕೆ ಮಾತ್ರ ದಾವಣಗೆರೆಯ ಡಿಟಿಪಿ ಸೆಂಟರು. ಕನ್ನಡದಲ್ಲಿ ಬರೆಯುವವರ ಹಸ್ತಪ್ರತಿ ಈಗ ಹೀಗೆ ಮೂರ್ನಾಲ್ಕು ಯಂತ್ರಗಳನ್ನು ಹಾದು ಪುಸ್ತಕವಾಗುತ್ತದೆ. ಯಾವ ತಂತ್ರಾಂಶ ಒಳ್ಳೆಯದು ಎಂದು ವಿಚಾರಿಸುವ ಮೊದಲು ನೋಡಬೇಕಾದದ್ದು, ಬರೆದದ್ದು ಯೂನಿಕೋಡ್‌ನಲ್ಲಿದೆಯೇ ಎಂಬುದನ್ನು.

ಶೇಷಾದ್ರಿವಾಸು ಅವರ 'ಬರಹ' ಬಂದದ್ದು 1998ರಲ್ಲಿ. ಅದು ಮತ್ತು ಕನ್ನಡ ಗಣಕ ಪರಿಷತ್ತಿನ 'ನುಡಿ' ಸೇರಿ ಒಂದು ತಲೆಮಾರಿಗೇ ಕನ್ನಡ ಟೈಪಿಂಗ್ ಕಲಿಸಿದವು. ಆ ಕಾಲದ ಆಸ್ಕಿ ವಿಧಾನದಲ್ಲಿ ಕಂಪ್ಯೂಟರಿನೊಳಗೆ ಉಳಿಯುತ್ತಿದ್ದದ್ದು ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ಅವನ್ನು ಕನ್ನಡವಾಗಿ ತೋರಿಸುತ್ತಿದ್ದದ್ದು ಫಾಂಟು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಇಡೀ ಕಾದಂಬರಿ ಅರ್ಥವಿಲ್ಲದ ಗುರುತುಗಳ ರಾಶಿ. ಯೂನಿಕೋಡ್ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಟ್ಟಿದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ನುಡಿ, ಬರಹಗಳಲ್ಲೂ ಈಗ ಯೂನಿಕೋಡ್ ಆಯ್ಕೆ ಇದೆ. ಅದನ್ನು ಆರಿಸಿಕೊಂಡರೆ ಸಾಕು.

ಕೈಗೆ ರೂಢಿಯಾದ ಕೀಲಿಮಣೆಯನ್ನೂ ಬಿಡಬೇಕಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆಯಲ್ಲಿ 'ದಾವಣಗೆರೆ'ಗೆ ಎಂಟು ಕೀಲಿ ಸಾಕು. ಉಚ್ಚಾರಣೆಯಂತೆ ಅಕಾರಗಳನ್ನೂ ಒತ್ತುವ ಬರಹದ ಲಿಪ್ಯಂತರ ಪದ್ಧತಿಯಲ್ಲಿ ಹತ್ತು. ಒತ್ತಕ್ಷರ ಬೇಕಾದಾಗ ನುಡಿಯಲ್ಲಿ ನಡುವೆ 'ಎಫ್' ಒತ್ತುತ್ತಾರೆ. ಇದೇ ವಿನ್ಯಾಸ ಲಿನಕ್ಸ್‌ನಲ್ಲೂ ಸಿಗುತ್ತದೆ.

ಇನ್ನು ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಉಚಿತವಾಗಿ ನಡೆಯುವುದು ಲಿಬ್ರೆಆಫೀಸ್. ಫೋನಿನಲ್ಲೇ ಹೆಚ್ಚು ಬರೆಯುವವರಿಗೆ ಗೂಗಲ್ ಡಾಕ್ಸ್ ಅನುಕೂಲ. ಫೋನಿನ ಗೂಗಲ್ ಕೀಲಿಮಣೆಗೆ 2017ರಿಂದ ಕನ್ನಡದಲ್ಲಿ ಹೇಳಿಯೂ ಬರೆಸಬಹುದು. ದೊಡ್ಡ ಕಾದಂಬರಿಯ ಅಧ್ಯಾಯಗಳನ್ನು ಬಿಡಿಬಿಡಿಯಾಗಿ ಜೋಡಿಸುವ ಸ್ಕ್ರಿವೆನರ್ ಹಣ ಕೊಟ್ಟು ಕೊಳ್ಳುವಂಥದ್ದು. ಆಂಡ್ರಾಯ್ಡ್‌ಗೆ ಅದು ಇಲ್ಲ. ಹೀಗೆ ಹಲವು ಯಂತ್ರಗಳಲ್ಲಿ ಬರೆಯುವವರಿಗೆ ಲಿಬ್ರೆಆಫೀಸ್ ಮತ್ತು ಡಾಕ್ಸ್ ಜೋಡಿಯೇ ವಾಸಿ.

ನಿಜವಾದ ತೊಡಕು ಎದುರಾಗುವುದು ಡಿಟಿಪಿ ಹಂತದಲ್ಲಿ. ಪೇಜ್‌ಮೇಕರ್‌ಗೆ ಕನ್ನಡ ಯೂನಿಕೋಡ್ ತಿಳಿಯದು. ಆದ್ದರಿಂದ ಅದನ್ನೇ ನೆಚ್ಚಿಕೊಂಡ ಸೆಂಟರುಗಳಲ್ಲಿ ಲೇಖಕರ ಫೈಲನ್ನು ಮತ್ತೆ ಆಸ್ಕಿಗೆ ಪರಿವರ್ತಿಸುತ್ತಾರೆ. ಆಗ ಪೆಟ್ಟು ಬೀಳುವುದು 'ರ‍್ಯಾಂಕ್', 'ರ‍್ಯಾಲಿ'ಯಂಥ ಪದಗಳಿಗೆ. 'ಸೂರ್ಯ'ದಲ್ಲಿ ಅರ್ಕಾವತ್ತು ಸರಿ. 'ರ‍್ಯಾಂಕ್'ನಲ್ಲಿ ಅದು ಬಾರದಂತೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಗುರುತು ತಡೆಯುತ್ತಿರುತ್ತದೆ. ಪರಿವರ್ತನೆಯಲ್ಲಿ ಅದು ಕಳಚಿಹೋದರೆ ಪದವೇ ಬದಲಾಗುತ್ತದೆ. ಇನ್‌ಡಿಸೈನ್‌ನ ಈಚಿನ ಆವೃತ್ತಿಗಳು ಯೂನಿಕೋಡನ್ನು ನೇರವಾಗಿ ತೆಗೆದುಕೊಳ್ಳುವುದರಿಂದ ಅಲ್ಲಿ ಪರಿವರ್ತನೆಯ ಗೊಡವೆಯೇ ಇಲ್ಲ. ಸೆಂಟರಿನಲ್ಲಿ ಯಾವುದಿದೆ ಎಂದು ಮೊದಲೇ ಕೇಳಿಕೊಳ್ಳಬೇಕು. ವರ್ಡ್ ಫೈಲಿನ ಜೊತೆಗೆ ಪಿಡಿಎಫ್ ಪ್ರತಿಯನ್ನೂ ಕೊಟ್ಟರೆ, ಕರಡು ತಿದ್ದುವವರಿಗೆ ಅನುಮಾನ ಬಂದ ಒತ್ತಕ್ಷರವನ್ನು ಅದರೊಡನೆ ಹೋಲಿಸಿ ನೋಡಲು ಬರುತ್ತದೆ.