‘ಭಾಳ’ ಮತ್ತು ‘ಅತಿ’

ಪರೀಕ್ಷೆಗಳು ಮುಗಿದು ಫಲಿತಾಂಶಗಳು ಹೊರಬಿದ್ದವೆಂದರೆ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಹೊಸದೊಂದು ಕೆಲಸ ಹುಟ್ಟಿಕೊಳ್ಳುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಕಡೆಗಳಿಂದ ಬಂದು ಓದಿದ ಮಕ್ಕಳು ನೌಕರಿಯ ಅರ್ಜಿಗಳನ್ನು ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ಅರ್ಜಿ ಇಂಗ್ಲಿಷಿನಲ್ಲಿರಬೇಕು, ಅದರೊಡನೆ ಗುರುಗಳ ಗುಣಪತ್ರವೂ ಇಂಗ್ಲಿಷಿನಲ್ಲಿಯೇ ಇರಬೇಕು. ಕನ್ನಡದ ಎಂ.ಎ. ಮಾಡಿದವನೆಂದು ನನಗೇನೂ ಈ ಕರ್ತವ್ಯದಿಂದ ವಿನಾಯಿತಿ ಇಲ್ಲ.

ಕೆಲವು ವರ್ಷಗಳ ಹಿಂದೆ, ಮುದ್ದೇಬಿಹಾಳ ತಾಲೂಕಿನ ಕೃಷ್ಣಾತೀರದ ಹಳ್ಳಿಯೊಂದರ ವಿದ್ಯಾರ್ಥಿನಿಗೆ ನಾನು ಇಂಥದೊಂದು ಗುಣಪತ್ರವನ್ನು ಬರೆದುಕೊಟ್ಟೆ. ದೂರದ ನಗರವೊಂದರ ಶಾಲೆಯಲ್ಲಿ ಅಕ್ಕೋರಾಗಬೇಕೆಂಬುದು ಆಕೆಯ ಆಸೆ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲಿ ಆಕೆಯೇ ಮೊದಲಿಗಳು. ನಾನು ಅಭಿಮಾನ ತುಂಬಿ ‘ಟೂ ಸಿನ್ಸಿಯರ್’ ಎಂದೂ ‘ಟೂ ಸಾಫ್ಟ್ ಸ್ಪೋಕನ್’ ಎಂದೂ ಬರೆದೆ. ಬಹಳ ಪ್ರಾಮಾಣಿಕಳು, ಬಹಳ ಮೃದುಭಾಷಿಣಿ ಎಂಬುದೇ ನನ್ನ ಮನಸ್ಸಿನ ಮಾತು. ಸಂದರ್ಶನದಲ್ಲಿ ಪತ್ರವನ್ನು ಓದಿದವರು, “ದನಿ ಸಾಲದೆಂದು ನಿಮ್ಮ ಗುರುಗಳೇ ಬರೆದಿದ್ದಾರಲ್ಲ, ಅರವತ್ತು ಮಕ್ಕಳ ತರಗತಿಯನ್ನು ಹೇಗೆ ನಿಭಾಯಿಸುವಿರಿ?” ಎಂದು ಕೇಳಿದರಂತೆ. ಗುರುವಿನ ಮಾತನ್ನು ಅಲ್ಲಗಳೆಯಬೇಕೋ ಒಪ್ಪಿಕೊಳ್ಳಬೇಕೋ ತಿಳಿಯದೆ ಆಕೆ ಸುಮ್ಮನೆ ಕುಳಿತಳು. ಕೆಲಸ ಬೇರೊಬ್ಬರ ಪಾಲಾಯಿತು.

ಇದನ್ನು ಆಕೆ ನನಗೆ ತಿಳಿಸಿದ್ದು ಆರು ತಿಂಗಳ ಅನಂತರ. ಅದೂ ನಾನಾಗಿ ಕೇಳಿದ ಮೇಲೆ. “ಸರ, ನೀವು ‘ಭಾಳ’ ಅಂತ ಬರದಿದ್ರಿ, ಅವ್ರು ‘ಅತಿ’ ಅಂತ ಓದಿದ್ರು” ಎಂದಳು. ದನಿಯಲ್ಲಿ ದೂರು ಇರಲಿಲ್ಲ. ಹದಿನೈದು ವರ್ಷ ವ್ಯಾಕರಣದ ಪಾಠ ಹೇಳಿದವನಿಗೆ ಕಾಣದೆ ಹೋದ ಭೇದವನ್ನು ನನ್ನ ವಿದ್ಯಾರ್ಥಿನಿ ಒಂದೇ ವಾಕ್ಯದಲ್ಲಿ ತೋರಿಸಿಕೊಟ್ಟಿದ್ದಳು.

ನಮ್ಮ ಸೀಮೆಯ ಮಾತಿನಲ್ಲಿ ‘ಭಾಳ’ ಎಂಬುದು ಎಲ್ಲ ಬಂಡಿಗಳಿಗೂ ಹೂಡಬಹುದಾದ ಎತ್ತು. ಭಾಳ ಛಲೋ, ಭಾಳ ಕೆಟ್ಟ, ಭಾಳ ದೂರ. ಚಹಾ ಹಿತವಾಗಿ ಬಿಸಿಯಿದ್ದರೂ ಭಾಳ ಬಿಸಿ. ನಾಲಗೆಯನ್ನು ಸುಡುವಂತಿದ್ದರೂ ಭಾಳ ಬಿಸಿ. ಇದು ಮೆಚ್ಚಿಕೆಯೋ ಆಕ್ಷೇಪಣೆಯೋ ಎಂಬುದನ್ನು ಕೊರಳು ತಿಳಿಸುತ್ತದೆ. ಸ್ವರವನ್ನು ತುಸು ಎಳೆದರೆ ಅಳತೆ ತಾನಾಗಿ ಹೆಚ್ಚುತ್ತದೆ. ಬರಹಕ್ಕೆ ಕೊರಳಿಲ್ಲ. ಕೊರಳು ಮಾಡುವ ಕೆಲಸವನ್ನೆಲ್ಲ ಅಲ್ಲಿ ಶಬ್ದವೇ ಮಾಡಬೇಕು.

ಇಂಗ್ಲಿಷಿನ ಬರಹದಲ್ಲಿ ಗುಣವು ಹೆಚ್ಚಾಗಿದೆ ಎನ್ನಲು ‘ವೆರಿ’, ಮಿತಿಮೀರಿದೆ ಎನ್ನಲು ‘ಟೂ’. ಮೊದಲನೆಯದು ಅಳತೆ, ಎರಡನೆಯದು ಆಕ್ಷೇಪ. ಇವೆರಡನ್ನು ಬೇರ್ಪಡಿಸಲು ಕನ್ನಡದ ಒಂದು ಪ್ರಯೋಗವೇ ಸಾಕು. ಎತ್ತಲಾರದಷ್ಟು ಭಾರ, ಕುಡಿಯಲಾರದಷ್ಟು ಬಿಸಿ ಎಂದು ‘ಲಾರದಷ್ಟು’ ಸೇರಿಸಿ ನೋಡಬೇಕು. ಹೇಳಬೇಕಾದ ಅರ್ಥ ಅದೇ ಆಗಿದ್ದರೆ ‘ಟೂ’ ಸಲ್ಲುತ್ತದೆ. ಇಲ್ಲವಾದರೆ ‘ವೆರಿ’ಯೇ ಲೇಸು. ಪಾಠ ಹೇಳಲಾರದಷ್ಟು ಮೆಲುದನಿಯವಳೆಂದು ನಾನು ಬರೆದಂತಾಗಿತ್ತು! ಪಟ್ಟಣದ ಸಂಭಾಷಣೆಯಲ್ಲಿ ‘ಟೂ ಗುಡ್’ ಎಂದು ಮೆಚ್ಚುವ ರೂಢಿಯೇನೋ ಉಂಟು. ಆದರೆ ಅಲ್ಲಿ ನೆರವಿಗೆ ಕೊರಳಿರುತ್ತದೆ.

ಈ ಗೊಂದಲದ ಬೇರು ಇಂಗ್ಲಿಷಿನಲ್ಲಷ್ಟೇ ಇಲ್ಲ, ನಮ್ಮ ‘ಅತಿ’ಯಲ್ಲಿಯೂ ಇದೆ. ಮೀರಿದ, ದಾಟಿದ ಎಂಬುದು ಸಂಸ್ಕೃತದ ಈ ಉಪಸರ್ಗದ ಮೂಲಾರ್ಥ. ನಾವು ಅದನ್ನು ಎರಡು ಕೈಗಳಲ್ಲಿಯೂ ಹಿಡಿದಿದ್ದೇವೆ. ‘ಅತಿ ಸುಂದರ’ ಎಂದು ಹೊಗಳುತ್ತೇವೆ. ‘ಅತಿಯಾದರೆ ಅಮೃತವೂ ವಿಷ’ ಎಂದು ಎಚ್ಚರಿಸುತ್ತೇವೆ. ಹೀಗೆ ಒಂದೇ ಶಬ್ದದಿಂದ ಎರಡು ಕೆಲಸ ಮಾಡಿಸಿ ರೂಢಿಯಾದವರು ‘ಟೂ’ ಎಂಬುದರಲ್ಲಿ ಹೊಗಳಿಕೆಯನ್ನು ಹುಡುಕಿದರೆ ಆಶ್ಚರ್ಯವಿಲ್ಲ.

ಎರಡನೆಯ ದೋಷ ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ಯುವುದು. ‘ವೆರಿ ಎಕ್ಸಲೆಂಟ್’, ‘ವೆರಿ ಯೂನೀಕ್’ ಎಂದು ಮಕ್ಕಳು ಬರೆಯುತ್ತಾರೆ. ಯೂನೀಕ್ ಎಂದರೆ ಅಂಥದು ಇನ್ನೊಂದಿಲ್ಲವೆಂದು. ಅದರಲ್ಲಿ ಹೆಚ್ಚು ಕಡಿಮೆಯ ಮಾತೆಲ್ಲಿಂದ ಬಂತು? ಕನ್ನಡದ ಕಿವಿ ಈ ಮರ್ಮವನ್ನು ಬಲ್ಲುದು. ದ್ವಿರುಕ್ತಿಯ ಪಾಠದಲ್ಲಿ ನಾವೆಲ್ಲ ಕಲಿತ ನಟ್ಟನಡು, ತುತ್ತತುದಿ, ಕಟ್ಟಕಡೆ, ಬಟ್ಟಬಯಲು ಇವುಗಳಲ್ಲಿ ಅತಿಶಯವು ಶಬ್ದದ ಒಡಲೊಳಗೇ ಸೇರಿದೆ. ‘ಬಹಳ ನಟ್ಟನಡುವೆ’ ಎಂದು ಯಾವ ಒಕ್ಕಲಿಗನೂ ನುಡಿಯುವುದಿಲ್ಲ. ‘ಅತ್ಯಂತ ಶ್ರೇಷ್ಠತಮ’ ಎಂದು ಬರೆಯುವವರು ಓದಿದ ನಾವೇ. ಶ್ರೇಷ್ಠ, ಉತ್ತಮ ಎಂಬವು ಸಂಸ್ಕೃತದಲ್ಲಿ ತಾವಾಗಿಯೇ ಗುಣದ ಕೊನೆಯ ಮೆಟ್ಟಿಲನ್ನು ಹೇಳುವ ರೂಪಗಳು. ಉತ್ತಮಕ್ಕೆ ‘ಅತಿ’ಯನ್ನು ಹೇರಿ ಅತ್ಯುತ್ತಮವೆಂದೆವು, ಇಂದು ಅದೂ ಸಾಲದಾಗಿದೆ.

ಮೂರನೆಯದು ಹೋಲಿಕೆಯ ಮಾತು. ‘ಅವನು ಬಹಳ ಎತ್ತರ’, ‘ಅಣ್ಣನಿಗಿಂತ ಬಹಳ ಎತ್ತರ’ ಈ ಎರಡೆಡೆಯಲ್ಲಿಯೂ ಕನ್ನಡಕ್ಕೆ ‘ಬಹಳ’ ಒಂದೇ ಸಾಕು. ಇಂಗ್ಲಿಷಿನಲ್ಲಿ ಮೊದಲನೆಯದು ‘ವೆರಿ ಟಾಲ್’, ಎರಡನೆಯದು ‘ಮಚ್ ಟಾಲರ್’. ‘ವೆರಿ ಬೆಟರ್’ ಎಂಬ ತಪ್ಪು ಈ ದಾರಿಯಿಂದಲೇ ಬರುತ್ತದೆ. ಇನ್ನು ಕೆಲವು ಗುಣಗಳಿಗೆ ರೂಢಿಯ ಜೊತೆಗಾರರುಂಟು. ಅವರಲ್ಲಿ ಕೃತಜ್ಞತೆಗೆ ಆಳ ಸೇರಿ ‘ಡೀಪ್ಲಿ ಗ್ರೇಟ್‌ಫುಲ್’, ಚಳಿಗೆ ಕಹಿ ಸೇರಿ ‘ಬಿಟರ್ಲಿ ಕೋಲ್ಡ್’. ನಮ್ಮಲ್ಲಿಯೂ ಬಿಸಿಲಿಗೆ ಉರಿ, ಬಡವನಿಗೆ ಕಡು, ನಿದ್ರೆಗೆ ಗಾಢ. ಇದನ್ನು ತಿರುಗಿಸಿ ‘ಗಾಢಬಡವ’ ಎಂದರೆ ಸಿಂದಗಿಯ ಸಂತೆಯಲ್ಲಿ ಎಳೆಯ ಮಕ್ಕಳೂ ನಕ್ಕಾರು. ತನ್ನ ನುಡಿಯ ಈ ಜೊತೆಗಳನ್ನು ಗಮನವಿಟ್ಟು ಕೇಳಿದವನಿಗೆ ಪರನುಡಿಯ ಜೊತೆಗಳೂ ಬೇಗ ಒಲಿಯುತ್ತವೆ.

‘ವೆರಿ’ ಎಂಬ ಶಬ್ದದ ಪೂರ್ವಕಥೆ ಸ್ವಾರಸ್ಯವಾದುದು. ಲ್ಯಾಟಿನ್ನಿನಲ್ಲಿ ‘ನಿಜ’ ಎಂಬರ್ಥದ ಶಬ್ದದಿಂದ ಹುಟ್ಟಿ, ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಮಾತದು. ಮೊದಲಿಗೆ ‘ನಿಜವಾದ’ ಎಂದೇ ಅದರ ಅರ್ಥವಿತ್ತು. ಬಳಸಿ ಬಳಸಿ ಸವೆದು ಬರಿಯ ‘ಬಹಳ’ವಾಯಿತು. ನಿಜವೆಂಬ ಮಾತನ್ನೇ ಎಲ್ಲಕ್ಕೂ ಅಂಟಿಸಿದರೆ ಅದರ ಬೆಲೆ ಇಳಿಯುವುದು ಸಹಜ. ಅಂದಿನ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳಿಂದ ತ್ರಿಪದಿಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದರು. ಆ ತಾಯಂದಿರು ದುಃಖಕ್ಕೂ ಪ್ರೀತಿಗೂ ‘ಬಹಳ’ವನ್ನು ಅಂಟಿಸುತ್ತ ಕೂಡಲಿಲ್ಲ, ಕಂಡದ್ದನ್ನು ಕಂಡಂತೆ ಹೇಳಿ ಅಳತೆಯನ್ನು ಕೇಳುವವರಿಗೆ ಬಿಟ್ಟರು.

ಆಕೆಗೆ ನಾನು ಎರಡನೆಯ ಗುಣಪತ್ರವನ್ನು ಬರೆದೆ. ಅದರಲ್ಲಿ ‘ಟೂ’ ಇರಲಿಲ್ಲ, ‘ವೆರಿ’ಯೂ ಇರಲಿಲ್ಲ. ಎರಡು ವರ್ಷ ಸಂಜೆಯ ಹೊತ್ತು ತನ್ನ ಓಣಿಯ ಮಕ್ಕಳಿಗೆ ಗುಡಿಯ ಕಟ್ಟೆಯ ಮೇಲೆ ಪಾಠ ಹೇಳಿದಳು, ಆ ಮಕ್ಕಳಲ್ಲಿ ಒಬ್ಬರೂ ಶಾಲೆಯನ್ನು ಬಿಡಲಿಲ್ಲ ಎಂದಷ್ಟೇ ಬರೆದು ಸಹಿ ಮಾಡಿದೆ.

ಈಗ ಆಕೆ ಬಸವನ ಬಾಗೇವಾಡಿ ತಾಲೂಕಿನ ಶಾಲೆಯೊಂದರಲ್ಲಿ ಅಕ್ಕೋರು. ಕಳೆದ ವರ್ಷ ಆ ಕಡೆಗೆ ಹೋದಾಗ ತರಗತಿಯ ಹೊರಗೆ ಗಳಿಗೆ ಹೊತ್ತು ನಿಂತೆ. ದನಿ ಅದೇ ಮೆಲುದನಿ. ಹಿಂದಿನ ಸಾಲಿನ ಮಕ್ಕಳು ಮುಂದಕ್ಕೆ ಬಾಗಿ ಕೇಳುತ್ತಿದ್ದರು.