‘ಪವರ್’ ಎಂಬ ಪದ ಮತ್ತು ಅದರ ನೆಂಟರು

ಕಿರುಪರೀಕ್ಷೆಯೊಂದರ ಉತ್ತರಗಳನ್ನು ತಿದ್ದುತ್ತಿದ್ದಾಗ ಒಂದು ವಾಕ್ಯ ಕಣ್ಣಿಗೆ ಬಿದ್ದಿತು: “ಭೂಮಿಯು ತನ್ನ ಪವರ್‌ನಿಂದ ಕಲ್ಲನ್ನು ಕೆಳಕ್ಕೆ ಸೆಳೆಯುತ್ತದೆ.” ಅಂಕ ಕಳೆದೆ. ಮರುದಿನ ಆ ಹುಡುಗ ಬಂದು, ತುಸು ನೊಂದ ಧ್ವನಿಯಲ್ಲಿ, “ಸರ್, ನಾನು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವನು. ಗುರುತ್ವಾಕರ್ಷಣ ಶಕ್ತಿ ಎಂದೇ ಎಲ್ಲರೂ ಹೇಳುತ್ತಾರೆ. ಶಕ್ತಿಗೆ ಪವರ್ ಎಂದು ನಿಘಂಟಿನಲ್ಲಿಯೂ ಇದೆ. ಮೊದಲಿನಿಂದ ಇಂಗ್ಲಿಷಿನಲ್ಲಿ ಓದಿದವರಿಗೆ ಈ ತೊಂದರೆಯೇ ಇಲ್ಲ” ಎಂದನು. ನಿಘಂಟಿನ ವಿಷಯದಲ್ಲಿ ಅವನು ಹೇಳಿದುದು ನಿಜ. ಕೊನೆಯ ಮಾತು ಮಾತ್ರ ನಿಜವಲ್ಲ. ಅದೇ ಕಟ್ಟಿನಲ್ಲಿ, ಶಿಶುವಿಹಾರದಿಂದಲೂ ಇಂಗ್ಲಿಷಿನಲ್ಲೇ ಓದಿ ಬಂದ ಮೂವರು ಅದೇ ತಪ್ಪನ್ನು ಮಾಡಿದ್ದರು. ಅವರಿಗೆ ಭಾಷಾಂತರದ ನೆಪವೂ ಇರಲಿಲ್ಲ.

ಇಂಗ್ಲಿಷಿನ ವೈಜ್ಞಾನಿಕ ಪದಗಳು ಹುಟ್ಟುವಾಗಲೇ ಖಚಿತವಾದ ಅರ್ಥವನ್ನು ಹೊತ್ತು ಬಂದಿವೆ, ನಮ್ಮ ಪದಗಳು ಮಾತ್ರ ಮಸುಕಾಗಿವೆ ಎಂಬ ನಂಬಿಕೆ ನಮ್ಮ ವಿದ್ಯಾರ್ಥಿಗಳಲ್ಲಿ ಬಲವಾಗಿ ಬೇರೂರಿದೆ. ಇದರಿಂದ ಅವರಿಗೆ ಎರಡು ಬಗೆಯ ನಷ್ಟ. ತಮ್ಮ ಭಾಷೆಯಲ್ಲಿ ಯೋಚಿಸಲು ಅಳುಕುತ್ತಾರೆ. ಇಂಗ್ಲಿಷ್ ಪದವನ್ನು ಉಚ್ಚರಿಸಿದೊಡನೆ ಅರ್ಥ ತಿಳಿಯಿತೆಂದು ಭ್ರಮಿಸುತ್ತಾರೆ. ಆದುದರಿಂದ ‘ಪವರ್’ ಎಂಬ ಈ ಒಂದು ಪದವನ್ನೂ ಅದರ ಸಮಾನಾರ್ಥಕಗಳೆನಿಸಿದ ಫೋರ್ಸ್, ಎನರ್ಜಿ, ಸ್ಟ್ರೆಂಗ್ತ್ ಎಂಬವನ್ನೂ ಸ್ವಲ್ಪ ಬಿಡಿಸಿ ನೋಡೋಣ.

‘ಪವರ್’ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಪದ. ಅದರ ಬೇರು ಲ್ಯಾಟಿನ್ನಿನಲ್ಲಿದೆ. ಅಲ್ಲಿ ಅದರ ಅರ್ಥ ‘ಆಗುವುದು, ಮಾಡಬಲ್ಲವನಾಗುವುದು’ ಎಂದಷ್ಟೇ. ‘ಪಾಸಿಬಲ್’, ‘ಪೊಟೆನ್ಷಿಯಲ್’ ಎಂಬ ಪದಗಳೂ ಅದೇ ಬೇರಿನ ಚಿಗುರುಗಳು. ಈಗ ನಮ್ಮ ‘ಶಕ್ತಿ’ಯನ್ನು ನೋಡಿರಿ. ಅದು ಸಂಸ್ಕೃತದ ‘ಶಕ್’ ಎಂಬ ಧಾತುವಿನಿಂದ ಬಂದುದು; ಆ ಧಾತುವಿನ ಅರ್ಥವೂ ‘ಮಾಡಬಲ್ಲವನಾಗುವುದು’ ಎಂದೇ. ‘ಶಕ್ಯ’, ‘ಅಶಕ್ತ’ ಎಂಬವು ಅದರ ಬಳಗ. ಪವರ್‌ಗೂ ಪಾಸಿಬಲ್‌ಗೂ ಇರುವ ನಂಟೇ ಶಕ್ತಿಗೂ ಶಕ್ಯಕ್ಕೂ ಇದೆ. ನಿಘಂಟುಕಾರರು ಇವೆರಡನ್ನು ಜೊತೆಗೂಡಿಸಿದುದರಲ್ಲಿ ತಪ್ಪೇನೂ ಇಲ್ಲವೆಂದಾಯಿತು. ತೊಡಕು ಹುಟ್ಟಿದುದು ಭೌತವಿಜ್ಞಾನವು ಈ ಹಳೆಯ, ಅಗಲವಾದ ಪದಗಳನ್ನು ಎರವಲು ಪಡೆದು, ಒಂದೊಂದಕ್ಕೂ ಬೇಲಿ ಹಾಕಿದಾಗ.

ಆ ಬೇಲಿಗಳನ್ನು ಕಾಣಲು ಒಂದು ಬಾವಿಯ ಬಳಿಗೆ ಹೋಗೋಣ. ನೀರಿನ ಮಟ್ಟದಿಂದ ಬಾವಿಯ ಕಟ್ಟೆಗೆ 10 ಮೀಟರ್ ಎತ್ತರ. ನೀರು ತುಂಬಿದ ಕೊಡದ ತೂಕ 15 ಕಿಲೋಗ್ರಾಂ. ರಾಟೆಯ ಘರ್ಷಣೆಯನ್ನೂ ಹಗ್ಗದ ಭಾರವನ್ನೂ ಸದ್ಯಕ್ಕೆ ಮರೆಯೋಣ. ಕೊಡವನ್ನು ಸಮನಾದ ವೇಗದಲ್ಲಿ ಮೇಲಕ್ಕೆಳೆಯಲು 15 ಅನ್ನು 9.8ರಿಂದ ಗುಣಿಸಿದಷ್ಟು, ಎಂದರೆ 147 ನ್ಯೂಟನ್‌ನಷ್ಟು ಸೆಳೆತ ಬೇಕು. ಇದು ಫೋರ್ಸ್, ಕನ್ನಡದಲ್ಲಿ ಬಲ. ಆ ಸೆಳೆತವನ್ನು ಹರಿಯದೆ ತಾಳಿಕೊಳ್ಳುವ ಗುಣ ಹಗ್ಗದ್ದು, ಅದು ಸ್ಟ್ರೆಂಗ್ತ್. “ಹಗ್ಗದಲ್ಲಿ ಕಸುವಿಲ್ಲ, ಹುಷಾರು” ಎಂದು ಬಾವಿಕಟ್ಟೆಯಲ್ಲಿ ಹೇಳುವ ಮಾತಿನಲ್ಲಿರುವ ಕಸುವು ಅದೇ. 147 ನ್ಯೂಟನ್ ಬಲದಿಂದ ಕೊಡವನ್ನು 10 ಮೀಟರ್ ಎತ್ತಿದಾಗ 1470 ಜೂಲ್‌ಗಳಷ್ಟು ಕೆಲಸ ನಡೆಯಿತು. ಎಳೆದವರು ಅಷ್ಟು ಎನರ್ಜಿಯನ್ನು, ಅಂದರೆ ಶಕ್ತಿಯನ್ನು, ಕೊಡಕ್ಕೆ ವರ್ಗಾಯಿಸಿದರು.

ಇಲ್ಲಿಯವರೆಗೆ ಎಳೆದವರು ಯಾರೆಂದು ನಾವು ಕೇಳಲಿಲ್ಲ. ಅಜ್ಜಿ ನಿಧಾನವಾಗಿ 30 ಸೆಕೆಂಡುಗಳಲ್ಲಿ ಸೇದಿದಳೆನ್ನೋಣ. ಮೊಮ್ಮಗ 10 ಸೆಕೆಂಡುಗಳಲ್ಲಿ ಸೇದಿದನು. ಇಬ್ಬರ ಬಲವೂ ಒಂದೇ, ಇಬ್ಬರೂ ಕೊಡಕ್ಕೆ ಕೊಟ್ಟ ಶಕ್ತಿಯೂ ಒಂದೇ. ಬೇರೆಯಾದುದು ಶಕ್ತಿಯನ್ನು ಕೊಟ್ಟ ದರ. ಅಜ್ಜಿಯದು ಸೆಕೆಂಡಿಗೆ 49 ಜೂಲ್, ಮೊಮ್ಮಗನದು 147 ಜೂಲ್. ಈ ದರವೇ ಭೌತವಿಜ್ಞಾನದ ಪವರ್. ನಮ್ಮ ಪಾಠಪುಸ್ತಕಗಳು ಇದನ್ನು ‘ಸಾಮರ್ಥ್ಯ’ ಎನ್ನುತ್ತವೆ. ಸೆಕೆಂಡಿಗೆ ಒಂದು ಜೂಲ್ ಎಂದರೆ ಒಂದು ವಾಟ್. ಭೂಮಿ ಕಲ್ಲನ್ನು ಸೆಳೆಯುವುದಕ್ಕೆ ಪವರ್ ಎಂದರೆ ಏಕೆ ತಪ್ಪೆಂಬುದು ಈಗ ಸ್ಪಷ್ಟವಾಗಬಹುದು. ಮೇಜಿನ ಮೇಲೆ ಸುಮ್ಮನೆ ಕುಳಿತ ಕಲ್ಲನ್ನೂ ಭೂಮಿ ಸೆಳೆಯುತ್ತಲೇ ಇದೆ; ಬಲವಿದೆ. ಕಲ್ಲು ಅಲುಗಲಿಲ್ಲವಾದ್ದರಿಂದ ಕೆಲಸವಿಲ್ಲ, ಕೆಲಸದ ದರವೂ ಸೊನ್ನೆ.

ಈ ದರವನ್ನು ಅಳೆಯುವ ಅವಶ್ಯಕತೆ ಮೊದಲು ಕಂಡುದು ಪ್ರಯೋಗಶಾಲೆಯಲ್ಲಲ್ಲ, ವ್ಯಾಪಾರದಲ್ಲಿ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಜೇಮ್ಸ್ ವಾಟ್ ಉಗಿಯಂತ್ರಗಳನ್ನು ಮಾರುತ್ತಿದ್ದಾಗ, ಗಿರಣಿಗಳಲ್ಲಿ ಕುದುರೆಗಳನ್ನು ದುಡಿಸುತ್ತಿದ್ದವರಿಗೆ ಬೇಕಾಗಿದ್ದುದು ಒಂದೇ ಉತ್ತರ: ಈ ಯಂತ್ರ ಎಷ್ಟು ಕುದುರೆಗಳಿಗೆ ಸಮ? ಒಂದು ಕುದುರೆಯ ದುಡಿಮೆ ನಿಮಿಷಕ್ಕೆ 33,000 ಪೌಂಡುಗಳನ್ನು ಒಂದು ಅಡಿ ಎತ್ತುವುದಕ್ಕೆ ಸಮವೆಂದು ವಾಟ್ ಗೊತ್ತುಮಾಡಿದನು. ದಿನವಿಡೀ ದುಡಿಯುವ ಸಾಧಾರಣ ಕುದುರೆಗೆ ಇದು ಹೆಚ್ಚೇ ಸರಿ. ಇಂದಿನ ಲೆಕ್ಕದಲ್ಲಿ ಅದು ಸುಮಾರು 746 ವಾಟ್. ನಮ್ಮ ಬಾವಿಯ ಕೊಡವನ್ನು ಎರಡೇ ಸೆಕೆಂಡುಗಳಲ್ಲಿ ಮೇಲೆ ತರುವ ದರ. ವಾಟ್‌ನ ಹೆಸರನ್ನೇ ಮಾನಕ್ಕೆ ಇಡಬೇಕೆಂಬ ಸಲಹೆ ಬಂದುದು 1882ರಲ್ಲಿ. ಸಲಹೆ ಮಾಡಿದವನು ವಿಲಿಯಂ ಸೀಮೆನ್ಸ್.

ಹಾಗಾದರೆ ವಿಜ್ಞಾನಿಗಳಾದರೂ ಈ ಪದಗಳನ್ನು ಮೊದಲಿನಿಂದ ಬೇರೆಬೇರೆಯಾಗಿ ಬಳಸುತ್ತಿದ್ದರೇ? ಇಲ್ಲ. ‘ಎನರ್ಜಿ’ ಎಂಬ ಗ್ರೀಕ್ ಮೂಲದ ಪದಕ್ಕೆ ಚಲಿಸುವ ವಸ್ತುವಿಗೆ ಸಂಬಂಧಿಸಿದ ವೈಜ್ಞಾನಿಕ ಅರ್ಥವನ್ನು ಕೊಟ್ಟು ಬಳಸಿದವನು ಥಾಮಸ್ ಯಂಗ್. ಅವನ ಉಪನ್ಯಾಸಗಳು ಅಚ್ಚಾದುದು 1807ರಲ್ಲಿ. ಆದರೂ ನಲವತ್ತು ವರ್ಷಗಳ ಅನಂತರ, 1847ರಲ್ಲಿ, ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಶಕ್ತಿಯ ನಿತ್ಯತೆಯನ್ನು ಕುರಿತು ಬರೆದ ಸುಪ್ರಸಿದ್ಧ ಪ್ರಬಂಧದ ಹೆಸರಿನಲ್ಲಿ ಇದ್ದುದು ‘ಕ್ರಾಫ್ಟ್’ ಎಂಬ ಪದ. ಇಂದು ಜರ್ಮನ್ ಭೌತವಿಜ್ಞಾನದಲ್ಲಿ ಅದರ ಅರ್ಥ ಬಲವೆಂದು. 1857ರಲ್ಲಿ ಮೈಕೆಲ್ ಫ್ಯಾರಡೆಯಂತಹ ಮಹಾಪ್ರಯೋಗಪಟುವೂ ಇಂಗ್ಲಿಷಿನಲ್ಲಿ ‘ಫೋರ್ಸಿನ ನಿತ್ಯತೆ’ಯನ್ನು ಕುರಿತು ಉಪನ್ಯಾಸ ಮಾಡಿದನು. ನನ್ನ ವಿದ್ಯಾರ್ಥಿಯ ಗೊಂದಲಕ್ಕೆ ಇಷ್ಟು ದೊಡ್ಡವರ ಜೊತೆ ಸಿಕ್ಕಿತೆಂದು ಅವನಿಗೆ ಹೇಳಿದಾಗ ಅವನ ಮುಖ ಸ್ವಲ್ಪ ಅರಳಿತು. ಅಂಕವನ್ನು ಮಾತ್ರ ನಾನು ಹಿಂದಿರುಗಿಸಲಿಲ್ಲ.

ದಿನಬಳಕೆಯ ಇಂಗ್ಲಿಷಿನಲ್ಲಿ ಈ ಪದಗಳು ಇಂದಿಗೂ ಬೇಲಿ ದಾಟಿ ಓಡಾಡುತ್ತವೆ; ಆದರೆ ಅಲ್ಲಿಯೂ ರೂಢಿಯ ಕಟ್ಟುಪಾಡುಂಟು. ಹಗ್ಗ, ಚಹಾ, ಮೈಕಟ್ಟು ಇವು ‘ಸ್ಟ್ರಾಂಗ್’, ಎಂಜಿನ್ನು ‘ಪವರ್‌ಫುಲ್’. ಪೊಲೀಸರ ಪಡೆ ‘ಫೋರ್ಸ್’, ಕಾನೂನು ಜಾರಿಗೆ ಬಂದರೂ ‘ಫೋರ್ಸ್’ಗೆ ಬಂದಂತೆ, ಒಬ್ಬರ ಇಷ್ಟಕ್ಕೆ ವಿರೋಧವಾಗಿ ಮಾಡಿಸಿದರೂ ಅದೇ. ನಮ್ಮ ‘ಬಲವಂತ’ದೊಳಗೂ ಬಲವೇ ಅಡಗಿರುವುದನ್ನು ಗಮನಿಸಬಹುದು. ಆಸ್ತಿಯ ವ್ಯವಹಾರದ ‘ಪವರ್ ಆಫ್ ಅಟಾರ್ನಿ’ಯಲ್ಲಿರುವ ಪವರ್ ಅಧಿಕಾರ. ಕನ್ನಡಕದಂಗಡಿಯ ಪವರ್ ಇನ್ನೂ ಬೇರೆ: ಮಸೂರದ ಸಂಗಮದೂರವನ್ನು ಮೀಟರಿನಲ್ಲಿ ಅಳೆದು ಅದರಿಂದ 1 ಅನ್ನು ಭಾಗಿಸಿದರೆ ಬರುವ ಸಂಖ್ಯೆ. ಅರ್ಧ ಮೀಟರ್ ಸಂಗಮದೂರದ ಮಸೂರದ ಪವರ್ 2. ಇಲ್ಲಿ ವಾಟ್ ಇಲ್ಲ, ಕುದುರೆಯೂ ಇಲ್ಲ. ಗಣಿತದಲ್ಲಿ 2ರ ಮೂರನೆಯ ‘ಪವರ್’ 8. ಇದಕ್ಕೆ ಕನ್ನಡದಲ್ಲಿ ‘ಘಾತ’ ಎಂಬ ಪ್ರತ್ಯೇಕ ಪದವಿದೆ. ಈ ಒಂದು ಕಡೆಯಾದರೂ ಇಂಗ್ಲಿಷಿಗಿಂತ ಕನ್ನಡವೇ ಚೊಕ್ಕಟ.

ಎಲ್ಲಕ್ಕಿಂತ ಹೆಚ್ಚು ಗೊಂದಲ, ನಾವು ಹಣ ತೆರುವ ಕಡೆಯಲ್ಲಿದೆ. ವಿದ್ಯುತ್ತು ನಿಂತಾಗ “ಪವರ್ ಹೋಯಿತು” ಎನ್ನುತ್ತೇವೆ, ತಿಂಗಳ ಕೊನೆಗೆ ‘ಪವರ್ ಬಿಲ್ಲು’ ಕಟ್ಟುತ್ತೇವೆ. ಆದರೆ ಬಿಲ್ಲಿನಲ್ಲಿ ಯೂನಿಟ್ ಎಂದಿರುವುದು ಕಿಲೋವಾಟ್-ಗಂಟೆ. ಅದು ದರವಲ್ಲ, ಶಕ್ತಿಯ ಮೊತ್ತ. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ನಮ್ಮ ಬಾವಿಯಿಂದ ಸುಮಾರು 2,450 ಕೊಡ ನೀರು ಸೇದಿದಷ್ಟು! ಅಜ್ಜಿಯ ದರದಲ್ಲಿ ಒಂದು ಕ್ಷಣವೂ ನಿಲ್ಲದೆ ಸೇದಿದರೆ ಇಪ್ಪತ್ತು ಗಂಟೆ ಮೀರುತ್ತದೆ. ಅದೇ ಬಿಲ್ಲಿನಲ್ಲಿ ಮನೆಗೆ ಮಂಜೂರಾದ ಕಿಲೋವಾಟ್ ಎಂಬ ಇನ್ನೊಂದು ಅಂಕಿಯೂ ಇರುತ್ತದೆ. ನಿಜವಾದ ಪವರ್ ಅದು.

ಹಿಂದೆ ಮನೆಗಳಲ್ಲಿ ‘ಜೀರೋ ವಾಟ್’ ಬಲ್ಬೊಂದು ರಾತ್ರಿಯಿಡೀ ಉರಿಯುತ್ತಿತ್ತು. ಹೆಸರನ್ನು ನಂಬಿ ಅದಕ್ಕೆ ಖರ್ಚೇ ಇಲ್ಲವೆಂದುಕೊಂಡವರು ಬಹಳ. ಅದರ ನಿಜವಾದ ಪವರ್ ಸುಮಾರು 15 ವಾಟ್ ಇರುತ್ತಿತ್ತು. ದಿನಕ್ಕೆ 10 ಗಂಟೆಯಂತೆ ತಿಂಗಳಿಗೆ ನಾಲ್ಕೂವರೆ ಯೂನಿಟ್.

ಇವೆಲ್ಲವನ್ನೂ ಕೇಳಿದ ಮೇಲೆ ಅದೇ ವಿದ್ಯಾರ್ಥಿ ತನ್ನ ಮನೆಯ ಬಿಲ್ಲನ್ನು ತಂದು, ಯೂನಿಟ್ಟುಗಳನ್ನು ಕೊಡಗಳಾಗಿ ಲೆಕ್ಕ ಹಾಕಿ ತೋರಿಸಿದನು. ಜೊತೆಗೆ ಒಂದು ಪ್ರಶ್ನೆ: “ಎನರ್ಜಿ ಶಕ್ತಿಯಾದರೆ, ಪವರ್ ಸಾಮರ್ಥ್ಯವಾದರೆ, ಹಾರ್ಸ್‌ಪವರ್ ‘ಅಶ್ವಶಕ್ತಿ’ ಹೇಗಾಯಿತು, ಸರ್? ‘ಅಶ್ವಸಾಮರ್ಥ್ಯ’ ಆಗಬೇಕಾಗಿತ್ತಲ್ಲವೆ?” ಆಗಬೇಕಾಗಿತ್ತು. ಆದರೆ ರೂಢಿ ಪಾಠಪುಸ್ತಕವನ್ನು ಕೇಳಿಕೊಂಡು ಬರುವುದಿಲ್ಲ. ಅಶ್ವಶಕ್ತಿ ಎಂಬುದೇ ಜನರ ಬಾಯಲ್ಲಿ ನಿಂತುಬಿಟ್ಟಿದೆ. ಅಲ್ಲಿರುವ ‘ಶಕ್ತಿ’ಯನ್ನು ದರವೆಂದು ಓದಿಕೊಳ್ಳಬೇಕೆಂದು ಅವನಿಗೆ ಹೇಳಿದೆ. ಅವನು ಅದನ್ನು ತನ್ನ ಟಿಪ್ಪಣಿ ಪುಸ್ತಕದಲ್ಲಿ, ಬಾವಿಯ ಚಿತ್ರದ ಕೆಳಗೆ, ಬರೆದುಕೊಂಡನು.