ಉತಾರದ ಹಿಂದಿನ ಸರಪಳಿ

ಚಡಚಣದ ಸೀಮೆಯಲ್ಲಿ ಹೊಲವುಳ್ಳ ಮನೆತನಗಳ ಅನೇಕರು ಇಂದು ಸೊಲ್ಲಾಪುರ, ಪುಣೆ, ಬೆಂಗಳೂರುಗಳಲ್ಲಿ ನೆಲೆಸಿದ್ದಾರೆ. ಭೀಮೆಯ ಕಡೆ ಎಲ್ಲಿಯೋ ಅಜ್ಜನ ಎರೆ ಹೊಲ ಉಂಟೆಂಬುದಷ್ಟೇ ಅವರ ಮಕ್ಕಳಿಗೆ ಗೊತ್ತು. ಹಂಚಿಕೊಳ್ಳುವ ಇಲ್ಲವೆ ಮಾರುವ ಪ್ರಸಂಗ ಬಂದಾಗಲೇ ಕಾಗದಗಳ ನೆನಪು. ಉತಾರವನ್ನು ಹಿಡಿದು ವಕೀಲರಲ್ಲಿಗೆ ಹೋದರೆ, ಅವರು ಕನ್ನಡಕವನ್ನು ಮೇಲೇರಿಸಿ, "ಇದು ಸರಿ; ಹಿಂದಿನ ವರ್ದಿಗಳೆಲ್ಲಿ?" ಎಂದು ಕೇಳುತ್ತಾರೆ.

ಪ್ರಶ್ನೆ ಯೋಗ್ಯವಾದುದು. ಉತಾರವು ಹೊಲದ ಇಂದಿನ ಸ್ಥಿತಿಯನ್ನು ಹೇಳುವುದೇ ಹೊರತು, ಆ ಸ್ಥಿತಿ ಹೇಗೆ ಬಂದಿತೆಂಬುದನ್ನು ಹೇಳದು. ಅದನ್ನು ಹೇಳುವವು ವರ್ದಿಗಳು: ತಂದೆ ತೀರಿಕೊಂಡಾಗ ವಾರಸಾ, ಅಣ್ಣತಮ್ಮಂದಿರು ಬೇರೆಯಾದಾಗ ವಾಟ್ನಿ, ಮಾರಿದಾಗ ಖರೀದಿ. ಬುಡದಲ್ಲಿ ಭೂಮಾಪನದ ಮೂಲ ಅಳತೆ. ಅದರ ಮೇಲೆ ಒಂದೊಂದಾಗಿ ಬದಲಾವಣೆಗಳು. ಮುಂಬಯಿ ಪ್ರಾಂತದಲ್ಲಿ ಹಕ್ಕುಪತ್ರಕದ ಕಾಯಿದೆ 1903ರಲ್ಲಿ ಬಂದಿತು. ವಂಶಪಾರಂಪರ್ಯದ ಕುಲಕರ್ಣಿ ವತನವನ್ನು 1950ರ ಕಾಯಿದೆ ತೆಗೆದುಹಾಕಿತು. 1956ರಲ್ಲಿ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1964ರಲ್ಲಿ ಹೊಸ ಭೂಕಂದಾಯ ಕಾಯಿದೆಯಾಯಿತು. ಲೆಕ್ಕ ಬರೆಯುವ ಕೈಗಳು ಬದಲಾದವು, ಸರಪಳಿ ಮಾತ್ರ ಬೆಳೆಯುತ್ತ ಬಂದಿತು.

ಗಣಕಯಂತ್ರದವರೂ ಇದೇ ದಾರಿಯನ್ನು ಹಿಡಿದಿದ್ದಾರೆಂಬುದು ಸ್ವಾರಸ್ಯ. ಮೊದಲ ದಿನ ಪೂರ್ಣ ಪ್ರತಿ. ಅನಂತರ ಪ್ರತಿರಾತ್ರಿ ಆ ದಿನದ ಬದಲಾವಣೆಯಷ್ಟೇ. ಸ್ಥಳವೂ ಸಮಯವೂ ಉಳಿಯುವುದು ನಿಜ. ಆದರೆ ಮೂಲ ಕೆಟ್ಟ ದಿನ ಎಲ್ಲವನ್ನೂ ಅನುಕ್ರಮವಾಗಿ ಜೋಡಿಸಬೇಕು. ನಡುವಿನದೊಂದು ಕೆಟ್ಟಿದ್ದರೆ ಅದರ ಮುಂದಿನವೆಲ್ಲ ನಿರುಪಯುಕ್ತ. ಒಂದೊಂದು ಕೊಂಡಿಯೂ ಸಾವಿರಕ್ಕೆ 999 ಪಾಲು ಸರಿಯಿರುವುದೆಂದೇ ಹಿಡಿಯಿರಿ. 365 ಕೊಂಡಿಗಳೂ ಸರಿಯಿರುವ ಸಂಭವ ನೂರಕ್ಕೆ 69 ಮಾತ್ರ!

ಹೊಲದ ಕಾಗದದಲ್ಲಿ ಇದರ ಪರಿಣಾಮ ಹೇಗೆ ತೋರುವುದು? 12 ಎಕರೆ 20 ಗುಂಟೆಯ ಒಂದು ಸರ್ವೆ ನಂಬರು ಇದ್ದಿತೆನ್ನೋಣ. ಮೂವರು ಮಕ್ಕಳಿಗೆ 4-10, 4-10, 4-00 ಎಂದು ವಾಟ್ನಿಯಾಯಿತು. ನಡುವಣ ಮಗ ನೆರೆಯವನಿಗೆ 2 ಎಕರೆ ಮಾರಿದ. ಕೊಂಡವನ ಹೆಸರು ಏರಿತು. ಮಾರಿದವನ ಲೆಕ್ಕದಲ್ಲಿ 2 ಎಕರೆ ಇಳಿಯಲಿಲ್ಲ. ಕಾಗದದ ಮೇಲೆ ಹೊಲವೀಗ 14 ಎಕರೆ 20 ಗುಂಟೆ! ಇಪ್ಪತ್ತು ವರ್ಷಗಳ ಅನಂತರ ಮಾರಿದವನ ಮೊಮ್ಮಗ, ಪಾಪ, ಸದ್ಭಾವನೆಯಿಂದಲೇ ಆ 4-10ನ್ನು ಮತ್ತೊಬ್ಬರಿಗೆ ಮಾರುತ್ತಾನೆ. ಸಿದ್ಧವಾಗಿ ಅಲ್ಲಗಳೆಯುವವರೆಗೆ ದಾಖಲೆಯನ್ನು ಸತ್ಯವೆಂದೇ ಭಾವಿಸಬೇಕೆಂದು 1964ರ ಕಾಯಿದೆ ಹೇಳುವುದರಿಂದ, ಅಲ್ಲಗಳೆಯುವ ಹೊರೆ ನೊಂದವನ ಹೆಗಲಿಗೇ ಬೀಳುವುದು.

ಈ ತಪ್ಪನ್ನು ಹಿಡಿಯುವ ಉಪಾಯವನ್ನು ಹಿಂದಿನವರು ಇಟ್ಟೇ ಹೋಗಿದ್ದಾರೆ. ಆಕಾರಬಂದದಲ್ಲಿ ಆ ನಂಬರಿನ ಒಟ್ಟು ಕ್ಷೇತ್ರ ಬರೆದಿರುತ್ತದೆ. ಹಿಸ್ಸೆಗಳೆಲ್ಲ ಕೂಡಿ ಅದಕ್ಕೆ ಸಮನಾಗಬೇಕು. ಕೂಡಿಸಿ ನೋಡುವ ವ್ಯವಧಾನವೇ ಅಪರೂಪ.

2000ದ ಅನಂತರ 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು; ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಉದ್ದ ಸರಪಳಿಯನ್ನು ಕಡಿದು ಹೊಸ ಪೂರ್ಣ ಪ್ರತಿ ಮಾಡಿದಂತಾಯಿತು. ದೊಡ್ಡ ಕೆಲಸವೇ ಸರಿ. ಆದರೆ ಪ್ರತಿಯಾದದ್ದು ಕೈಬರಹದ ಕೊನೆಯ ಪುಸ್ತಕ, ಹೊಲವಲ್ಲ. ಅದರೊಳಗಿನ ತಪ್ಪುಗಳು ಅಚ್ಚಿನ ಅಕ್ಷರಗಳಲ್ಲಿ ಇನ್ನಷ್ಟು ಗೌರವಸ್ಥವಾಗಿ ಕಾಣಿಸಿದವು. ಹೊಸ ಪ್ರತಿಯಾಯಿತೆಂದು ಹಳೆಯ ಕೊಂಡಿಗಳನ್ನು ಬಿಸುಡಬಾರದೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ. ಈಚೆಗೆ ಭೂಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಛಾಯಾಪ್ರತಿ ತೆಗೆದಿಡಲಾರಂಭಿಸಿದ್ದಾರೆ. ಗೆದ್ದಲು ತಿಂದ ಹಾಳೆಯ ಛಾಯೆಯನ್ನು ಯಾವ ಯಂತ್ರವೂ ತೆಗೆಯಲಾರದಷ್ಟೆ.

ಆದುದರಿಂದ ಪಟ್ಟಣವಾಸಿಗಳಾದ ವಾಚಕರು ಮುಂದಿನ ಸಲ ಊರಿಗೆ ಜಾತ್ರೆಗೋ ಮದುವೆಗೋ ಹೋದಾಗ ಒಂದು ದಿನವನ್ನು ಕಚೇರಿಗೆ ಮೀಸಲಿಡಲಿ. ಅಜ್ಜನ ಕಾಲದಿಂದ ಇತ್ತಣ ಪ್ರತಿಯೊಂದು ವರ್ದಿಯ ದೃಢೀಕೃತ ನಕಲನ್ನು ಬೇಡಲಿ. ಆಕಾರಬಂದದ ಅಂಕಿಯನ್ನು ಬರೆದುಕೊಂಡು, ಹಿಸ್ಸೆಗಳನ್ನು ಅಲ್ಲಿಯೇ ಕೂಡಿಸಿ ನೋಡಲಿ. ವಾಟ್ನಿಯ ಸಂಗತಿಯನ್ನು ಕಣ್ಣಾರೆ ಕಂಡ ದೊಡ್ಡಪ್ಪನಿನ್ನೂ ಮನೆಯಲ್ಲಿದ್ದರೆ, ಅವನನ್ನೂ ಜೊತೆಗೆ ಕರೆದೊಯ್ಯಲಿ.